ಬಾಕಿ ವಿಷಯ ಎಂಬತ್ತೇಳು

ಮಂಗಳವಾರ, ಮಾರ್ಚ್ ಹನ್ನೊಂದು
ಬೆಳಗ್ಗೆ ಹತ್ತೂವರೆ, ಅಡುಗೆಮನೆಯ ಮೇಜು

ನನ್ನ ಮೊಂಡಿ ಮಗಳೇ,

ಹರಿಯಬೇಡ. ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ಇಷ್ಟು ಹೊತ್ತಿಗೆ ಒಂದು ಮೂಲೆ ಹರಿದೂ ಇರುತ್ತೀಯ. ಅಷ್ಟಕ್ಕೇ ನಿಲ್ಲಿಸು. ಪೂರ್ತಿ ಓದಿದ ಮೇಲೆ ಹರಿ, ಸುಡು, ನಿನ್ನಿಷ್ಟ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಮನೆಯವರು ಮಾತ್ರ ವರ್ಷಕ್ಕೊಮ್ಮೆ, ಚೆನ್ನಾಗಿದ್ದೀರಾ ಅತ್ತೆ ಎಂದು ಒಂದು ಸಾಲು ಕಳಿಸುತ್ತಾರೆ. ನಿನಗೆ ಹೇಳದೆ ಕಳಿಸುತ್ತಾರೆ ಅಂತ ಕಾಣುತ್ತದೆ. ಪಾಪ, ಅವರನ್ನು ಬೈಯಬೇಡ.

ನಾನು ಕ್ಷೇಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಅಂಗಡಿಯಲ್ಲಿ ನೀನು ಗಾಜು ತಿಕ್ಕಿ ಕೊಟ್ಟ ಕನ್ನಡಕವೇ ಇನ್ನೂ ಮೂಗಿನ ಮೇಲಿದೆ. ಪವರ್ ಬದಲಾಗಿದೆ, ಅಕ್ಷರ ಕಾಣಬೇಕಾದರೆ ಕತ್ತನ್ನು ಕೋಳಿಯ ಹಾಗೆ ವಾರೆ ಮಾಡಬೇಕು. ಬೇರೆ ಅಂಗಡಿಗೆ ಹೋಗಲು ಮನಸ್ಸು ಬರಲಿಲ್ಲ. ಈ ಪತ್ರದ ಸಾಲುಗಳು ಓರೆಯಾಗಿದ್ದರೆ ಅದಕ್ಕೇ.

ಶನಿವಾರ ನಾನು ಸಭೆಯಲ್ಲಿ ಎದ್ದು ನಿಂತು ಮಾತಾಡಿದೆ. ನಗಬೇಡ. ನಮ್ಮ ಆಫೀಸಿನ ಮೂರನೇ ಮಹಡಿಯ ಆ ಸಭಾಂಗಣದಲ್ಲಿ, ಅಧ್ಯಕ್ಷೆಯ ಬೆನ್ನ ಹಿಂದಿನ ಸಣ್ಣ ಮೇಜಿನಲ್ಲಿ ಮೂವತ್ತೊಂದು ವರ್ಷ ಕೂತು, ನಲವತ್ತು ದೇಶಗಳಿಂದ ಬಂದವರ ಮಾತನ್ನೆಲ್ಲ ಬರೆದುಕೊಂಡವಳು ನಾನು. ಅಷ್ಟು ವರ್ಷಗಳಲ್ಲಿ ಗಟ್ಟಿಯಾಗಿ ಆಡಿದ್ದು ಒಂದೇ ಮಾತು, ಮೇಡಂ, ಕೋರಂ ಆಗಿದೆ ಅಂತ. ಶನಿವಾರ ಹನ್ನೆರಡು ನಿಮಿಷ ಮಾತಾಡಿದೆ. ಆದರೆ ಬರೆದುಕೊಳ್ಳಬೇಕಾದವಳೇ ಮಾತಾಡಲು ನಿಂತರೆ ಬರೆದುಕೊಳ್ಳುವವರು ಯಾರು? ಒಂದಕ್ಷರವೂ ದಾಖಲಾಗಲಿಲ್ಲ. ಹಾಗಾಗಿ ಆ ಸಭೆಯ ನಡವಳಿಯನ್ನು ನಿನಗೆ ಬರೆಯುತ್ತಿದ್ದೇನೆ. ಅದರಲ್ಲಿ ನಿನ್ನ ವಿಷಯವೂ ಇದೆ. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ಮೊದಲು ನನ್ನಿಂದಲೇ ನಿನಗೆ ತಲುಪಲಿ.

ನೀನು ಚಿಕ್ಕವಳಿದ್ದಾಗ, ಅಮ್ಮಾ ನಿಮ್ಮ ಆಫೀಸಲ್ಲಿ ಏನ್ ಮಾಡ್ತಾರೆ ಎಂದು ಕೇಳುತ್ತಿದ್ದೆ. ಮಗು ಬೇಡ ಅಂದವಳಿಗೆ ಬಲವಂತ ಇರಬಾರದು, ಬೇಕು ಅಂದವಳಿಗೆ ಅಡ್ಡಿ ಇರಬಾರದು, ಲೋಕದಲ್ಲೆಲ್ಲ ಹಾಗೇ ಇರಲಿ ಅಂತ ನೋಡ್ಕೊಳ್ಳೋ ಆಫೀಸು ಎಂದು ಹೇಳಿಕೊಟ್ಟಿದ್ದೆ. ನೀನು ಅದನ್ನು ಬಾಯಿಪಾಠ ಮಾಡಿಕೊಂಡು ಶಾಲೆಯಲ್ಲಿ ಹೇಳಿ, ಟೀಚರು ನನ್ನನ್ನು ಕರೆಸಿದ್ದರು. ನೆನಪಿದೆಯಾ? ಆವತ್ತು ನಿನ್ನ ಬಗ್ಗೆ ಎಷ್ಟು ಹೆಮ್ಮೆಪಟ್ಟಿದ್ದೆ.

ನನ್ನ ಕೆಲಸದ ರೀತಿಯನ್ನು ನಿನಗೆ ಯಾವತ್ತೂ ಬಿಡಿಸಿ ಹೇಳಿಲ್ಲ. ಮಂಡಳಿಯ ಸಭೆಗೆ ಕಾಗದಗಳು ಎರಡು ಬಣ್ಣದಲ್ಲಿ ಹೋಗುತ್ತಿದ್ದವು. ತೀರ್ಮಾನ ಆಗಬೇಕಾದದ್ದು ಬಿಳಿ ಹಾಳೆ. ಗಮನಕ್ಕೆ ಮಾತ್ರ ಅನ್ನುವುದು ಗುಲಾಬಿ ಹಾಳೆ. ಗುಲಾಬಿ ಹಾಳೆಯನ್ನು ಯಾರೂ ಚರ್ಚಿಸುವ ಹಾಗಿಲ್ಲ. ಊಟಕ್ಕೆ ಐದು ನಿಮಿಷ ಇರುವಾಗ ಅಧ್ಯಕ್ಷೆ ಆ ಕಟ್ಟಿನ ಮೇಲೆ ಅಂಗೈ ಇಟ್ಟು, ಗಮನಿಸಲಾಗಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವುದು ಬಿಳಿ, ಯಾವುದು ಗುಲಾಬಿ ಎಂದು ವಿಂಗಡಿಸುತ್ತಿದ್ದವಳು ನಾನು. ಸಭೆಯಲ್ಲಿ ಯಾರು ಏನಂದರೂ ಮೊದಲು ಶೀಘ್ರಲಿಪಿಯಲ್ಲಿ ನನ್ನ ನೋಟುಬುಕ್ಕಿಗೆ ಇಳಿಯುತ್ತಿತ್ತು. ಆಮೇಲೆ ಅದರಿಂದ ಹೆಸರು, ಸಿಟ್ಟು, ಜಗಳ ಎಲ್ಲ ತೆಗೆದು, ಅಚ್ಚುಕಟ್ಟಾದ ನಡವಳಿ ತಯಾರಿಸುತ್ತಿದ್ದೆ. ಮುಂದಿನ ಸಭೆಯಲ್ಲಿ ಅದಕ್ಕೆ ಒಪ್ಪಿಗೆ. ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಕತ್ತರಿ ಗುರುತು ಹಾಕಿ ಕೊಡುತ್ತಿದ್ದೆ, ಅವರು ಓದದೆ ಸಹಿ ಹಾಕುತ್ತಿದ್ದರು. ಓದದೆ ಸಹಿ ಮಾಡೋ ಜನ ನೋಡಪ್ಪಾ ಎಂದು ಮನೆಗೆ ಬಂದು ನಿಮ್ಮಪ್ಪನ ಹತ್ತಿರ ಆಡಿಕೊಂಡು ನಗುತ್ತಿದ್ದೆ.

ಒಪ್ಪಿಗೆಯಾದ ಮೇಲೆ ನೋಟುಬುಕ್ಕನ್ನು ಹರಿದು ಹಾಕಬೇಕು ಎಂದು ನಿಯಮ. ನಾನು ಹರಿಯಲಿಲ್ಲ. ಅದರಲ್ಲಿ ಧೈರ್ಯ ಗೀರ್ಯ ಏನೂ ಇಲ್ಲ, ಬರೀ ಜುಗ್ಗತನ. ಹಾಳೆಯ ಒಂದು ಮಗ್ಗುಲು ಖಾಲಿ ಇರುತ್ತಿತ್ತಲ್ಲ, ಮನೆಗೆ ತಂದು ಸಾಮಾನಿನ ಪಟ್ಟಿ ಬರೆಯಲು ಇಟ್ಟುಕೊಂಡೆ. ಹೊಲಿಗೆ ಮಿಶನ್ನಿನ ಕೆಳಗಿನ ಬಿಸ್ಕತ್ತಿನ ಡಬ್ಬಿಗಳಲ್ಲಿ ಇರುವುದು ಗುಂಡಿ, ದಾರ ಎಂದುಕೊಂಡಿದ್ದೆಯಲ್ಲ ನೀನು? ಅವೆಲ್ಲ ನೋಟುಬುಕ್ಕುಗಳು.

ಹೋದ ವರ್ಷ ನಮ್ಮ ಸಂಸ್ಥೆಯ ಮಾನ ಪತ್ರಿಕೆಗಳಲ್ಲಿ ಹರಾಜಾದದ್ದನ್ನು ನೀನೂ ಓದಿರುತ್ತೀಯ. ಒಂದು ದೇಶದ ನಿರ್ದೇಶಕ ತನ್ನ ಕೈಕೆಳಗಿನ ಹೆಣ್ಣುಮಕ್ಕಳ ಜೊತೆ ನಡೆದುಕೊಂಡ ರೀತಿ, ಅದು ಗೊತ್ತಿದ್ದೂ ಮಂಡಳಿ ಸುಮ್ಮನಿದ್ದದ್ದು. ಗದ್ದಲವಾದ ಮೇಲೆ ಸುಧಾರಣಾ ಆಯೋಗ ಬಂತು. ಅದರ ಮುಖ್ಯಸ್ಥೆ ಒಬ್ಬ ನಿವೃತ್ತ ನ್ಯಾಯಾಧೀಶೆ, ಕಡಿಮೆ ಮಾತಿನ ಹೆಂಗಸು. ಅವರ ಜೊತೆ ಒಬ್ಬ ಎಳೆಯ ವಕೀಲ, ಬಣ್ಣಬಣ್ಣದ ಚೀಟಿ ಹಿಡಿದ ಸಲಹೆಗಾರರ ಒಂದು ದಂಡು. ಗೋಡೆಗೆ ಕಾಗದದ ಮರ ಅಂಟಿಸಿ, ಈ ಸಂಸ್ಥೆಯಲ್ಲಿ ನಿಮಗೆ ಇಷ್ಟವಾದ ಮೌಲ್ಯವನ್ನು ಎಲೆಯ ಮೇಲೆ ಬರೆದು ಅಂಟಿಸಿ ಅಂದರು. ನಾನು ಊಟದ ಬಿಡುವು ಎಂದು ಬರೆದು ಅಂಟಿಸಿದೆ.

ಆದರೆ ಆಯೋಗ ಬರೆದ ಹೊಸ ನಿಯಮಗಳಲ್ಲಿ ನನಗೆ ತಕರಾರಿಲ್ಲ. ನಲವತ್ತು ಜನರ ಹಳೆಯ ಮಂಡಳಿ ರದ್ದಾಗಬೇಕು. ಹೊಸ ಮಂಡಳಿಗೆ ಹದಿನೈದೇ ಜನ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು, ಮೂವರಾದರೂ ಇಪ್ಪತ್ತೈದು ದಾಟದವರು. ಎರಡು ಅವಧಿಗಿಂತ ಹೆಚ್ಚು ಯಾರೂ ಕುರ್ಚಿಗೆ ಅಂಟಿಕೊಳ್ಳುವ ಹಾಗಿಲ್ಲ. ದೂರು ಬಂದರೆ ಅದನ್ನು ನೋಡುವವರು ಹೊರಗಿನವರು. ಗುಲಾಬಿ ಹಾಳೆಯೂ ರದ್ದು. ನನ್ನ ಹುದ್ದೆಯೂ ರದ್ದು, ಅದು ಬೇರೆ ಮಾತು. ಇದೆಲ್ಲ ಇಪ್ಪತ್ತು ವರ್ಷ ಮುಂಚೆಯೇ ಆಗಿದ್ದರೆ ಈ ಪತ್ರ ಬರೆಯುವ ಪಾಡು ನನಗೆ ಬರುತ್ತಿರಲಿಲ್ಲ.

ಸಿಕ್ಕಿಕೊಂಡದ್ದು ಒಂದು ಕಡೆ. ಹಳೆಯ ಮಂಡಳಿ ತನ್ನನ್ನು ತಾನು ರದ್ದು ಮಾಡಿಕೊಳ್ಳುವ ಮೊದಲು ಬಾಕಿ ಉಳಿದ ವಿಷಯಗಳನ್ನೆಲ್ಲ ಮುಗಿಸಬೇಕಿತ್ತು. ವಕೀಲ ಎರಡು ವಾರದ ಹಿಂದೆ ನನ್ನ ಮೇಜಿಗೆ ಬಂದ. ಒಳ್ಳೆಯ ಹುಡುಗ, ಕುರ್ಚಿ ಎಳೆದುಕೊಂಡು ಕೂರುವ ಮೊದಲು ಕೂತ್ಕೋಬಹುದಾ ಎಂದು ಕೇಳುವವನು. ಬಾಕಿ ವಿಷಯ ಇನ್ನೂರ ಹದಿನಾಲ್ಕು ಇವೆ ಮೇಡಂ, ಎಲ್ಲಾದಕ್ಕೂ ಸೇರಿಸಿ ಒಂದೇ ಸಾಲಿನ ಠರಾವು ಬರೆದುಕೊಡಿ, ಇಂಥದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರೂ ಇಲ್ಲವಂತೆ ಅಂದ. ಮಾಡೋಣ ಬಿಡಪ್ಪ ಅಂದೆ. ಅವನು ಹೋದ ಮೇಲೆ ಪಟ್ಟಿ ನೋಡುತ್ತ ಬಂದೆ. ಎಂಬತ್ತೇಳನೆಯದಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ.

ಎಂಬತ್ತೇಳು ಹದಿನೇಳು ವರ್ಷದ ಹಿಂದಿನದು. ನಮ್ಮ ಊರಿನ ಶಾಖೆಯ ಚಿಕಿತ್ಸಾಲಯದಿಂದ ಒಬ್ಬ ನರ್ಸು ಮಂಡಳಿಗೆ ಬರೆದ ಪತ್ರ. ಅದರಲ್ಲಿ ಮೂರು ಅಂಶಗಳಿದ್ದವು. ಒಂದು, ಗರ್ಭ ತೆಗೆಸಿಕೊಳ್ಳಲು ಬಂದ ಹುಡುಗಿಯರಿಗೆ ಅಲ್ಲಿಯ ಡಾಕ್ಟರು ಮತ್ತೆ ಬಸಿರು ನಿಲ್ಲದಂತೆ ವಂಕಿಯನ್ನೂ, ಅಂದರೆ ಕಾಪರ್-ಟಿ, ಗರ್ಭಕೋಶದೊಳಗೆ ಹಾಕಿಬಿಡುತ್ತಾರೆ, ಅರಿವಳಿಕೆ ಇಳಿಯುವ ಮೊದಲೇ, ಅವರನ್ನು ಒಂದು ಮಾತೂ ಕೇಳದೆ. ಎರಡು, ಹಾಕಿದ್ದೇವೆಂದು ಆಮೇಲೂ ಹೇಳುವುದಿಲ್ಲ, ಏಕೆಂದರೆ ವರ್ಷದ ವರದಿಯಲ್ಲಿ ವಂಕಿಯ ಸಂಖ್ಯೆ ಹೆಚ್ಚಾದಷ್ಟೂ ಆ ಚಿಕಿತ್ಸಾಲಯಕ್ಕೆ ಶಹಬ್ಬಾಸ್‌ಗಿರಿ. ಮೂರನೆಯದು ಒಪ್ಪಿಗೆ ಪತ್ರಗಳ ವಿಷಯ, ಅದು ಈಗ ಬೇಡ.

ಪತ್ರ ಬಂದದ್ದು ತಡವಾಗಿ. ಬಿಳಿ ಹಾಳೆಗಳು ಅಷ್ಟರಲ್ಲಿ ಅಚ್ಚಿಗೆ ಹೋಗಿದ್ದವು. ನಾನು ಅದನ್ನು ಗುಲಾಬಿ ಕಟ್ಟಿಗೆ ಸೇರಿಸಿದೆ. ಯಾರೂ ಹೇಳಲಿಲ್ಲ, ನಾನೇ ಸೇರಿಸಿದೆ.

ಆದರೂ ಒಬ್ಬರು ಅದನ್ನು ಓದಿದ್ದರು. ದೂರದ ಒಂದು ದೇಶದ ಸದಸ್ಯೆ, ಐವತ್ತು ವರ್ಷ ಸೂಲಗಿತ್ತಿಯಾಗಿದ್ದ ಮುದುಕಿ. ನಿಯಮ ಮೀರಿ ಕೈ ಎತ್ತಿ ಪತ್ರವನ್ನು ಗಟ್ಟಿಯಾಗಿ ಓದಿಸಿದರು. ವೈದ್ಯಕೀಯ ನಿರ್ದೇಶಕ, ಆ ನರ್ಸು ಮೊದಲಿಂದ್ಲೂ ಜಗಳಗಂಟಿ, ಬಿಡಿ ಅಂದ. ಮುದುಕಿ ಬಿಡಲಿಲ್ಲ. ಅಲ್ಲಪ್ಪಾ, ಆ ಹೆಣ್ಮಕ್ಕಳನ್ನ ಯಾರಾದ್ರೂ ಕರೆದು ಕೇಳಿದ್ರಾ ಎಂದು ಎರಡು ಸಲ ಕೇಳಿದರು. ಅಧ್ಯಕ್ಷೆ ಗಡಿಯಾರ ನೋಡಿ, ಊಟ ಆರ್ತಾ ಇದೆ ಅಂದರು. ಎಲ್ಲರೂ ಏಳುವಾಗ ನನ್ನ ಕಡೆ ಬಾಗಿ, ಇದನ್ನ ಸ್ವಲ್ಪ ಚೆನ್ನಾಗಿ ಮುಗಿಸಿಬಿಡಮ್ಮ ಅಂದರು.

ನಾನು ಚೆನ್ನಾಗಿ ಮುಗಿಸಿದೆ. ಸೂಕ್ತ ವಿಚಾರಣೆ ನಡೆಯುತ್ತಿದೆ ಎಂಬುದನ್ನು ಮಂಡಳಿ ಗಮನಿಸಿತು, ಎಂದು ಬರೆದೆ. ವಿಚಾರಣೆ ಎಂಬ ಪದವನ್ನು ಆ ದಿನ ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಅದು ನನ್ನ ಸ್ವಂತ ಪದ, ಸಾಲು ಅಂದವಾಗಿ ನಿಲ್ಲಲಿ ಎಂದು ಹಾಕಿದ್ದು. ಮುದುಕಿಯ ಪ್ರಶ್ನೆಯನ್ನು ಬಿಟ್ಟೆ. ಮುಂದಿನ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು, ಚರ್ಮದ ಹೊದಿಕೆಯ ಪುಸ್ತಕದಲ್ಲಿ ಕೂತಿತು. ಇಲ್ಲದ ವಿಚಾರಣೆ ಮುಗಿಯುವುದೆಲ್ಲಿ, ಬಾಕಿ ಪಟ್ಟಿಯಲ್ಲೇ ಉಳಿಯಿತು. ಆ ನರ್ಸನ್ನು ವರ್ಷದೊಳಗೆ ಕೆಲಸದಿಂದ ತೆಗೆದರು.

ಆ ಸಭೆಯಾಗಿ ನಾಲ್ಕು ತಿಂಗಳಿಗೆ, ಕಾಲೇಜಿನಿಂದ ಬಂದ ನೀನು ಚೀಲವನ್ನೂ ಇಳಿಸದೆ ಈ ಮೇಜಿನ ಮುಂದೆ ನಿಂತು ನಿನ್ನ ವಿಷಯ ಹೇಳಿದೆ. ನಿನಗೆ ಇಪ್ಪತ್ತು. ನಾನು ನಿನಗೆ ಬೈಯಲಿಲ್ಲ, ಅದೊಂದು ಒಳ್ಳೆಯ ಕೆಲಸ ಮಾಡಿದೆ. ಏನು ಮಾಡಬೇಕು ಅಂತ ನೀನೇ ಹೇಳಮ್ಮ ಅಂದೆ. ನೀನು, ಈಗ ಬೇಡ ಅಮ್ಮಾ ಅಂದೆ. ಈಗ ಎನ್ನುವ ಪದವನ್ನು ನೀನು ಒತ್ತಿ ಹೇಳಿದ್ದು ನನ್ನ ಕಿವಿಯಲ್ಲಿದೆ. ಮುಂದೆ ಬೇಕು ಎಂಬುದು ಅದರಲ್ಲೇ ಇತ್ತು.

ನಮ್ಮದೇ ಚಿಕಿತ್ಸಾಲಯ, ನಮ್ಮದೇ ಜನ, ಗುಟ್ಟು ಉಳಿಯುತ್ತದೆ. ಅಲ್ಲಿಗೇ ಹೋಗೋಣ ಎಂದೆ. ಮರುದಿನ ಆಫೀಸಿನಲ್ಲಿ ಆ ಡಾಕ್ಟರ ನೆನಪಾಯಿತು. ಆಗ ನಾನು ಏನು ಮಾಡಿದೆ ಗೊತ್ತಾ? ಬೀರು ತೆಗೆದು ನಡವಳಿ ಪುಸ್ತಕ ಇಳಿಸಿ, ಆ ಪುಟ ತೆರೆದು ಓದಿದೆ. ಸೂಕ್ತ ವಿಚಾರಣೆ ನಡೆಯುತ್ತಿದೆ ಎಂದಿತ್ತು. ಸದ್ಯ, ವಿಚಾರಣೆ ನಡೀತಿದೆ, ಇನ್ನು ಅವನು ಬಾಲ ಬಿಚ್ಚಲ್ಲ ಎಂದು ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿದೆ. ನಾನೇ ಹೊಸೆದ ಸಾಲು ಮಗಳೇ. ಅಚ್ಚಾಗಿ, ಸಹಿ ಬಿದ್ದು, ರಟ್ಟು ಕಟ್ಟಿಸಿಕೊಂಡು ಬಂದಾಗ ನಾನೇ ಅದನ್ನು ನಂಬಿದೆ. ಬೇರೆ ಯಾವ ಕೆಲಸದವಳಿಗೂ ಇಂಥ ಮಂಕು ಕವಿಯುವುದಿಲ್ಲ.

ಆ ವಾರವೇ ಹೋದೆವು. ಹಸಿರು ಪರದೆ, ಗೋಡೆಯ ಮೇಲೆ ನಿಮ್ಮ ದೇಹ ನಿಮ್ಮ ಹಕ್ಕು ಎನ್ನುವ ನಮ್ಮ ಭಿತ್ತಿಚಿತ್ರ, ಕಾಯುವ ಕೋಣೆಯಲ್ಲಿ ಒಂದು ಕಾಲು ಕುಂಟುವ ಬೆಂಚು. ಒಂದೂಕಾಲು ಗಂಟೆಯಲ್ಲಿ ಮುಗಿಯಿತು. ಡಾಕ್ಟರು ಹೊರಗೆ ಬಂದು, ಎಲ್ಲ ಸಲೀಸಾಯ್ತು, ಇನ್ನು ಯೋಚನೆ ಇಲ್ಲ ಬಿಡಿ ಅಂದರು. ಆ ಮಾತಿನ ಅರ್ಥ ಆಗ ತಿಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ನೀನು ತಿಂಗಳು ತಿಂಗಳೂ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದೆ. ಕೆಲವರಿಗೆ ಹಾಗೇ ಕಣೆ ಎಂದು ಬಿಸಿನೀರಿನ ಚೀಲ ಕೊಡುತ್ತಿದ್ದೆ. ಎಷ್ಟು ಚೀಲ ಒಡೆದವೋ. ಮದುವೆಯಾಗಿ, ಮಗು ಬೇಕೆಂದು ನೀವಿಬ್ಬರೂ ಹಂಬಲಿಸಿ, ಮಾತ್ರೆ ನುಂಗಿ ನುಂಗಿ ಸಾಕಾಗಿ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ವಂಕಿ ಕಂಡಿತು. ತೆಗೆದರು. ಆದರೆ ಹದಿನಾಲ್ಕು ವರ್ಷದಲ್ಲಿ ಸೋಂಕು ಎರಡೂ ಕಡೆಯ ಗರ್ಭನಾಳಗಳನ್ನು ತಿಂದುಹಾಕಿತ್ತು.

ಆ ಚಿತ್ರ ಹಿಡಿದುಕೊಂಡು ನೀನು ಬಂದ ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ನೀನೇ ಹಾಕಿಸಿದ್ದಲ್ವಾ ಅಮ್ಮಾ ಅಂದೆ. ಮತ್ತೆ ಮಾನ ಕಳೀತಾಳೆ ಅಂತ ನನ್ನ ಕೇಳದೆ ಹಾಕಿಸಿದೆ, ಅಲ್ವಾ ಅಮ್ಮಾ, ಹೇಳು ಅಂದೆ. ನಾನು ಒಂದೇ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ತೊಳೆಯುತ್ತಿದ್ದೆ, ಬಾಯಿ ಬಿಡಲಿಲ್ಲ. ನೀನು ಬಾಗಿಲು ಹಾಕಿಕೊಂಡು ಹೋದೆ. ಇವತ್ತಿಗೆ ಮೂರು ವರ್ಷ ಒಂದು ತಿಂಗಳು.

ಆ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ನಾನು ಹಾಕಿಸಲಿಲ್ಲ. ಹಾಕಿ ಎಂದು ಯಾರಿಗೂ ಹೇಳಲಿಲ್ಲ, ಅದರಲ್ಲಿ ನನ್ನ ಕೈ ಇಲ್ಲ. ಅಂದು ಹೀಗೆಂದು ಹೇಳದೆ ಇದ್ದದ್ದು ಯಾಕೆಂದರೆ, ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಆ ಡಾಕ್ಟರು ಅಂಥವನು ಅಂತ ನಿನಗೆ ಗೊತ್ತಿತ್ತಾ? ಗೊತ್ತಿತ್ತು. ಗೊತ್ತಿದ್ದೂ ಕರೆದುಕೊಂಡು ಹೋದಳು ಎನ್ನುವುದಕ್ಕಿಂತ ಮಾನಕ್ಕೆ ಹೆದರಿ ಹಾಕಿಸಿದಳು ಎನ್ನುವುದೇ ನಿನಗೆ ಅರ್ಥವಾಗುವ ತಪ್ಪು ಎಂದು ಸುಮ್ಮನಾದೆ.

ಈಗ ಶನಿವಾರಕ್ಕೆ ಬರುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಸಭೆ. ಎಲ್ಲ ದೇಶಗಳ ಹೆಸರಿನ ಫಲಕ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಹಿಂದಿನ ಗಾಜಿನ ಗೂಡುಗಳಲ್ಲಿ ಭಾಷಾಂತರ ಮಾಡುವವರು. ಅದೇ ಅಧ್ಯಕ್ಷೆ, ನಡುವೆ ಆರು ವರ್ಷ ಗೌರವಾಧ್ಯಕ್ಷೆ ಎಂಬ ಹೆಸರಿನಲ್ಲಿ ಅದೇ ಕುರ್ಚಿಯ ಪಕ್ಕ ಕೂತು, ಮತ್ತೆ ಆ ಕುರ್ಚಿಗೇ ಬಂದವರು. ಕಿಟಕಿಯ ಹತ್ತಿರ ನ್ಯಾಯಾಧೀಶೆ, ಸುಮ್ಮನೆ ನೋಡಲು. ಮೊದಲು ಹೊಸ ನಿಯಮಗಳಿಗೆ ಒಪ್ಪಿಗೆಯಾಯಿತು, ಚಪ್ಪಾಳೆ ಬಿತ್ತು, ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಬಾಕಿ ವಿಷಯಗಳ ಠರಾವು. ಅಧ್ಯಕ್ಷೆ ಹಿಂದಕ್ಕೆ ಕೈ ಚಾಚಿದರು, ಪ್ರತಿ ಸಭೆಯಲ್ಲೂ ಚಾಚುವ ಹಾಗೇ, ನಾನು ಹಾಳೆ ಇಡಬೇಕೆಂದು. ನಾನು ಇಡಲಿಲ್ಲ. ಬರೆದೇ ಇರಲಿಲ್ಲ.

ಎದ್ದು ನಿಂತೆ. ಬರೆದಿಲ್ಲ ಮೇಡಂ, ಎಂಬತ್ತೇಳನೆಯದನ್ನ ಓದ್ತೀನಿ, ಕೇಳಿ ಅಂದೆ. ಚೀಲದಿಂದ ನೋಟುಬುಕ್ಕು ತೆಗೆದು, ಕತ್ತು ವಾರೆ ಮಾಡಿಕೊಂಡು, ಆ ದಿನ ಯಾರು ಏನೇನು ಅಂದರು ಎಂಬುದನ್ನೆಲ್ಲ ಹೆಸರು ಸಮೇತ ಓದಿದೆ. ಜಗಳಗಂಟಿ ಅಂದದ್ದು, ಊಟ ಆರುತ್ತದೆ ಅಂದದ್ದು, ಮುದುಕಿಯ ಪ್ರಶ್ನೆ. ಆ ಮುದುಕಿ ತೀರಿಕೊಂಡು ಒಂಬತ್ತು ವರ್ಷ. ಅವರ ಪ್ರಶ್ನೆಗೆ ಈಗ ನಾನು ಉತ್ತರ ಕೊಡ್ತೀನಿ, ಕೇಳಿಲ್ಲ, ಯಾರೂ ಕೇಳಿಲ್ಲ ಅಂದೆ. ವಿಚಾರಣೆ ಎನ್ನುವ ಪದ ನನ್ನದು, ಅದು ಸುಳ್ಳು ಅಂದೆ. ನಾಲ್ಕು ತಿಂಗಳಾದ ಮೇಲೆ ನನ್ನ ಮಗಳನ್ನೇ ಅಲ್ಲಿಗೆ ಕರ್ಕೊಂಡು ಹೋದೆ ಅಂದೆ. ನಿನ್ನ ಹೆಸರನ್ನು ಮಾತ್ರ ಬಾಯಿಗೆ ತರಲಿಲ್ಲ. ಒಂದು ಗಾಜಿನ ಗೂಡಿನಲ್ಲಿ ಭಾಷಾಂತರದ ಹುಡುಗಿ ಮಾತು ನಿಲ್ಲಿಸಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಭಾಷೆಯವರು ಹೆಡ್‌ಫೋನು ಕೆಟ್ಟಿತೇನೋ ಎಂದು ತಟ್ಟಿ ತಟ್ಟಿ ನೋಡುತ್ತಿದ್ದರು.

ಮುಗಿಸಿ ಕೂತೆ. ಆಮೇಲೆ ಏನಾಯಿತು ಎಂದು ಕೇಳುತ್ತೀಯ. ಅಧ್ಯಕ್ಷೆ ಮೈಕಿನ ಹತ್ತಿರ ಬಾಗಿ, ಗಮನಿಸಲಾಗಿದೆ ಅಂದರು. ವ್ಯಂಗ್ಯಕ್ಕೆ ಅಂದದ್ದಲ್ಲ ಕಣೆ. ಆ ಬಾಯಿಗೆ ಬೇರೆ ಮಾತು ಬರುವುದಿಲ್ಲ. ವಕೀಲ ಅಲ್ಲೇ ನಿಂತು ಚೀಟಿಯಲ್ಲಿ ಠರಾವು ಗೀಚಿ ಕೊಟ್ಟ. ಬಾಕಿ ವಿಷಯಗಳೆಲ್ಲ ಮುಕ್ತಾಯಗೊಂಡಿವೆ ಎಂದು. ನಲವತ್ತರಲ್ಲಿ ಮೂವತ್ತಾರು ಹಸಿರು ಕಾರ್ಡು ಮೇಲೆದ್ದವು. ಎಂಬತ್ತೇಳು ಅಲ್ಲಿಗೆ ಮುಗಿಯಿತು. ಅಧ್ಯಕ್ಷೆಗೆ ಹೂಗುಚ್ಛ ಕೊಟ್ಟರು. ಊಟದ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಯಾರೂ ನಿಲ್ಲಲಿಲ್ಲ. ಹೊಸ ಮನೆಗೆ ಹೋಗುವಾಗ ಹಳೆಯ ಮನೆಯ ಹೆಣವನ್ನು ಗೋಡೆಯೊಳಗೇ ಇಟ್ಟು ಸುಣ್ಣ ಬಳಿದರು, ಅಷ್ಟೆ.

ನ್ಯಾಯಾಧೀಶೆ ಮಾತ್ರ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ನೋಟುಬುಕ್ಕು ಕೊಡ್ತೀರಾ ಎಂದು ಕೇಳಿದರು. ಕೊಡುವ ಮೊದಲು ಆ ಹಾಳೆಯ ಹಿಂಬದಿ ತಿರುಗಿಸಿ ನೋಡಿದೆ. ಹತ್ತಿ, ಬಿಸಿನೀರಿನ ಚೀಲ, ಎರಡು ನೈಟಿ, ದಪ್ಪ ಟವೆಲ್ಲು, ನಿನಗಿಷ್ಟದ ಕಿತ್ತಳೆ ಸಿಪ್ಪೆಯ ಬಿಸ್ಕತ್ತು. ನಿನ್ನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯುವ ದಿನದ ಪಟ್ಟಿ. ಅದರ ಮುಂಬದಿಯಲ್ಲೇ ನರ್ಸಿನ ದೂರು. ನನಗೆ ಗೊತ್ತಿರಲಿಲ್ಲ ಎಂದು ಇನ್ನು ಯಾವ ಬಾಯಿಂದ ಹೇಳಲಿ? ಕೊಟ್ಟುಬಿಟ್ಟೆ.

ನಿನ್ನೆ ಅವರ ಕೋಣೆಗೆ ಕರೆಸಿದ್ದರು. ಹಳೆಯ ಚಿಕಿತ್ಸಾಲಯದ ಕಾಗದಗಳನ್ನು ಆಯೋಗ ಮೊದಲೇ ತರಿಸಿಕೊಂಡಿತ್ತಂತೆ, ಎಲ್ಲಿ ಹುಡುಕಬೇಕೆಂದು ಮಾತ್ರ ತಿಳಿದಿರಲಿಲ್ಲ. ನನ್ನ ತಾರೀಖು ಹಿಡಿದು ಹುಡುಕಿದಾಗ ಅಂಥ ಅರವತ್ತಮೂರು ಕೇಸು ಸಿಕ್ಕಿವೆ. ಅರವತ್ತಮೂರು ಜನ. ಅವರಲ್ಲಿ ಎಷ್ಟು ಮಂದಿ ಇವತ್ತಿಗೂ ಬಿಸಿನೀರಿನ ಚೀಲ ಒತ್ತಿಕೊಂಡು ಮಲಗುತ್ತಿದ್ದಾರೋ. ಡಾಕ್ಟರು ನಿವೃತ್ತನಾಗಿ ಆರಾಮವಾಗಿದ್ದಾನಂತೆ. ಮೂವರು ಮೊಮ್ಮಕ್ಕಳಂತೆ.

ನ್ಯಾಯಾಧೀಶೆ ಹೇಳಿದ್ದು ಇಷ್ಟು. ಮಂಡಳಿ ಮುಚ್ಚಿದ್ದನ್ನು ಆಯೋಗ ತೆರೆಯಲಾರದು. ಆದರೆ ಅನ್ಯಾಯವಾದವಳೇ ಹೊಸದಾಗಿ ದೂರು ಕೊಟ್ಟರೆ, ಹೊಸ ನಿಯಮದ ಪ್ರಕಾರ ಹೊರಗಿನವರು ಅದನ್ನು ವಿಚಾರಿಸಲೇಬೇಕು. ಒಬ್ಬಳು ಕೊಟ್ಟರೂ ಸಾಕು, ಉಳಿದ ಅರವತ್ತೆರಡು ಕಡತ ತೆರೆಯುತ್ತವೆ. ಆಯೋಗ ಇರುವುದು ಈ ತಿಂಗಳ ಮೂವತ್ತೊಂದರವರೆಗೆ. ನಿಮ್ಮ ಮಗಳಿಗೆ ನೀವು ಹೇಳ್ತೀರಾ, ನಾವು ಬರೀಬೇಕಾ ಎಂದು ಕೇಳಿದರು. ನಾನೇ ಹೇಳ್ತೀನಿ ಅಂದೆ. ದೂರು ಕೊಡು ಎಂದು ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಆ ಚಿತ್ರವನ್ನು ಮತ್ತೆ ಯಾರ ಮುಂದೋ ಹಿಡಿಯುವುದು ಎಷ್ಟು ಹಿಂಸೆ ಎಂದು ಗೊತ್ತು. ಒಂದು ಸಲ ನಿನ್ನನ್ನು ಕೇಳದೆ ಎಲ್ಲವೂ ನಡೆದುಹೋಯಿತು. ಈ ಸಲ ನಿನ್ನ ಮಾತೇ ಕೊನೆಯದು.

ಆಯೋಗದ ವಿಳಾಸ, ನಿನ್ನ ಕೇಸಿನ ಕಾಗದಗಳ ನಕಲು ಈ ಲಕೋಟೆಯಲ್ಲಿವೆ. ಐದು ಹಾಳೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದೆ. ಆ ಪದ ನಡವಳಿಯ ಸಾಲಿನ ಹಾಗೆ ಕಂಡಿತು. ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಮಗಳೇ, ದಿನಾ ಅನ್ನಿಸುತ್ತದೆ. ನಿನ್ನ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಎರಡು ಸಲ ಇಳಿದಿದ್ದೇನೆ. ನೀನು ಯಾವುದೋ ಅಜ್ಜನ ಮೂಗಿಗೆ ಕನ್ನಡಕ ಏರಿಸಿ, ದೂರ ನಿಂತು ನೋಡುತ್ತಿದ್ದೆ. ತೆಳ್ಳಗಾಗಿದ್ದೀಯ. ಮುಂದಿನ ಬಸ್ಸು ಹತ್ತಿ ಬಂದೆ.

ನಿನ್ನವಳೇ ಆದ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಸುಳ್ಳು ಬರೆದೆ. ಬೆಳಗ್ಗೆ ಲಕೋಟೆ ಅಂಟಿಸಿದ್ದೆ, ಈಗ ಮೂರು ಗಂಟೆಗೆ ಮತ್ತೆ ಬಿಡಿಸಿದ್ದೇನೆ. ನ್ಯಾಯಾಧೀಶೆ ಕೊಟ್ಟದ್ದು ಐದು ಹಾಳೆಯಲ್ಲ, ಆರು. ಆರನೆಯದನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದೆ. ಅದು ವಂಕಿಗೆ ಒಪ್ಪಿಗೆ ಪತ್ರ. ನರ್ಸು ಬರೆದ ಮೂರನೇ ಅಂಶ ಇಷ್ಟೆ: ಒಪ್ಪಿಗೆ ಪತ್ರಕ್ಕೆ, ಹುಡುಗಿ ಮತ್ತಿನಲ್ಲಿರುವಾಗ, ಅವಳ ಜೊತೆ ಬಂದವರಿಂದ ಅವಳ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ನನ್ನ ಕೈಯಾರೆ ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದೆ. ನಾಲ್ಕು ತಿಂಗಳಾದ ಮೇಲೆ, ನೀನು ಒಳಗೆ ಮಲಗಿದ್ದಾಗ, ಆ ಕುಂಟು ಬೆಂಚಿನ ಮೇಲೆ ನನ್ನ ಮುಂದೆ ಕಾಗದದ ಒಂದು ಕಟ್ಟು ಹಿಡಿದರು. ಇಲ್ಲೊಂದು, ಇಲ್ಲೊಂದು, ಅವಳ ಹೆಸರು ಬರೆದುಬಿಡಿ ಅಮ್ಮ, ಬರೀ ರೂಢಿಗೆ ಅಂದರು. ಪೆನ್ಸಿಲ್ಲಿನ ಕತ್ತರಿ ಗುರುತು ಇತ್ತು. ಗುರುತು ಕಂಡಲ್ಲಿ ಸಹಿ ಹಾಕಿದೆ, ಓದಲಿಲ್ಲ. ನೀನು ಆ ಚಿತ್ರ ಹಿಡಿದು ಬಂದಾಗ ಪಾತ್ರೆ ತೊಳೆಯುತ್ತ ನಾನು ನೆನೆಯುತ್ತಿದ್ದದ್ದು ಇದನ್ನೇ. ಬಾಯಿ ಬಾರದೆ ಇದ್ದದ್ದೂ ಇದಕ್ಕೇ. ದೂರು ಕೊಟ್ಟರೆ ಅವರು ನಿನಗೆ ಮೊದಲು ತೋರಿಸುವುದು ಈ ಹಾಳೆಯನ್ನೇ. ಆಗ ಹೇಳು, ಇದು ನನ್ನ ಸಹಿಯಲ್ಲ, ನಮ್ಮಮ್ಮನ ಅಕ್ಷರ ಅಂತ. ನಾನು ಬಂದು ಹೌದು ಅನ್ನುತ್ತೇನೆ. ನಾಲ್ಕನೇ ಪುಟದಲ್ಲಿ, ಅದರಲ್ಲಿ ನನ್ನ ಕೈ ಇಲ್ಲ ಎಂದು ಬರೆದಿದ್ದೇನಲ್ಲ, ಆ ಸಾಲನ್ನು ಹೊಡೆದುಹಾಕು. ಈಗ ಲಕೋಟೆಯಲ್ಲಿ ಆರು ಹಾಳೆ ಇವೆ, ಎಣಿಸಿಕೋ.